ಕೌದಿಗೆ ಉಣಿಸಿದ ವರ್ಷ

ಹಳೇ ಬಟ್ಟೆಗೆ ಒಂದು ವಾಸನೆ ಉಂಟು. ಒಗೆದು, ಬಿಸಿಲಿಗೆ ಹಾಕಿ, ಮಡಚಿಟ್ಟು, ಮಳೆಗಾಲದಲ್ಲಿ ಮತ್ತೆ ಹೊರಗೆ ತೆಗೆದಾಗ ಬರುವ ವಾಸನೆ. ಒಳ್ಳೆಯದು ಅಂತ ಹೇಳಲಿಕ್ಕಾಗುವುದಿಲ್ಲ, ಕೆಟ್ಟದ್ದು ಅಂತಲೂ ಹೇಳಲಿಕ್ಕಾಗುವುದಿಲ್ಲ. ಮನುಷ್ಯರ ವಾಸನೆ ಅದು.

ಮೊನ್ನೆ ಆಟಿ ತಿಂಗಳ ಮಳೆ ಸ್ವಲ್ಪ ಬಿಟ್ಟು ಹೊಳವಾದಾಗ ಕಾಪುವಿನ ಕಡಲ ಬದಿಯ ಒಂದು ಹೋಂಸ್ಟೇಗೆ ಚಾಪೆ ಕೊಡಲು ಹೋಗಿದ್ದೆ. ಮಾಲೀಕರು ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಇಟ್ಟು ಹೋಗಿ ಎಂದು ಫೋನಿನಲ್ಲಿ ಹೇಳಿದರು. ಆ ಕೋಣೆಯ ಬಾಗಿಲು ದೂಡಿದ್ದೇ ತಡ, ಅದೇ ವಾಸನೆ. ಮೂಲೆಯ ಮಂಚದ ಮೇಲೆ ಒಂದು ಕೌದಿ ಮಡಚಿಟ್ಟಿತ್ತು. ಕೆಂಪು ತುಂಡು, ಹಸಿರು ತುಂಡು, ನಡುವೆ ಇಳಕಲ್ ಸೀರೆಯ ಸೆರಗಿನ ಒಂದು ಚೌಕ. ಬಿಡಿಸಿ ನೋಡುವ ಅಗತ್ಯವೇ ಇರಲಿಲ್ಲ. ಅದು ಯಲ್ಲವ್ವ ಹೊಲಿದ ಕೌದಿ. ನಾನು ಚಾಪೆಯ ಸುರುಳಿಯನ್ನು ಗೋಡೆಗೆ ಒರಗಿಸಿ, ಮಂಚದ ಅಂಚಿನಲ್ಲಿ ಕೂತುಬಿಟ್ಟೆ.

ಯಲ್ಲವ್ವನ ವಿಷಯ ಹೇಳಬೇಕಾದರೆ ಮೊದಲು ಕಾರ್ಕಳದ ಹುಡುಗಿಯ ವಿಷಯ ಹೇಳಬೇಕು.

ನಮ್ಮದು ಮಟ್ಟು. ಮಟ್ಟು ಎಂದರೆ ಎಲ್ಲರಿಗೂ ಗುಳ್ಳ ಬದನೆಯ ನೆನಪು. ನನ್ನ ಸೊಸೆ ಶಶಿಕಲಾ ಗುಳ್ಳ ಬೆಳೆಸುತ್ತಾಳೆ. ಮಗ ಉಮೇಶ ಕಟಪಾಡಿ ಸ್ಟ್ಯಾಂಡಿನಲ್ಲಿ ರಿಕ್ಷಾ ಬಿಡುತ್ತಾನೆ. ನಾನು ಮುಂಡೇವಿನ ಚಾಪೆ ನೇಯುತ್ತೇನೆ. ಮುಂಡೇವು ಹೊಳೆ ಬದಿಯಲ್ಲಿ ಬೆಳೆಯುವ ಕೇದಗೆಯ ಜಾತಿ. ಉದ್ದ ಎಲೆ, ಅಂಚಿನಲ್ಲೆಲ್ಲ ಮುಳ್ಳು. ಮುಳ್ಳು ತೆಗೆದು, ಸೀಳಿ, ಸುರುಳಿ ಸುತ್ತಿ, ಬೇಯಿಸಿ, ಒಣಗಿಸಿ ಆಮೇಲೆ ನೇಯಬೇಕು. ಕೈ ಕೊಯ್ದುಕೊಳ್ಳದೆ ಕಲಿತವರು ಯಾರೂ ಇಲ್ಲ. ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ಕೇಳುವವರು ಕಡಿಮೆಯಾದರು. ಆದರೂ ನಾನು ಬಿಡಲಿಲ್ಲ. ಸಂಸ್ಕೃತಿ ಉಳಿಸಬೇಕು ಅಂತ ಅಲ್ಲ. ಸುಮ್ಮನೆ ಕೂತರೆ ಸೊಸೆಯ ಕೆಲಸದಲ್ಲಿ ಮೂಗು ತೂರಿಸುತ್ತೇನೆ, ಅದಕ್ಕೆ.

ಕೆಲವು ವರ್ಷಗಳ ಹಿಂದೆ, ಒಮ್ಮೆ ದೀಪಾವಳಿ ಕಳೆದರೂ ಮಳೆ ಬಿಟ್ಟಿರಲಿಲ್ಲ. ಅಂಥ ಒಂದು ದಿನ ಕೊಡೆ ಮಡಚುತ್ತಾ ಒಬ್ಬಳು ಹುಡುಗಿ ಅಂಗಳಕ್ಕೆ ಬಂದಳು. ಹೆಸರು ಅಪೇಕ್ಷಾ. ಮನೆ ಕಾರ್ಕಳ, ಓದುವುದು ಮಣಿಪಾಲದಲ್ಲಿ, ಡಿಸೈನ್ ಅಂತೆ.

"ಎಂತ ಡಿಸೈನ್? ಸೀರೆಯದ್ದಾ?" ಎಂದೆ.

"ಅಲ್ಲ ಅಜ್ಜಿ. ಒಂದು ವಸ್ತುವನ್ನು ಬಳಸುವವರು ಯಾರು ಅಂತ ಮೊದಲು ನೋಡುವುದು, ಅವರ ಹತ್ತಿರ ಕೇಳುವುದು, ಆಮೇಲೆ ಅವರಿಗೆ ಬೇಕಾದ ಹಾಗೆ ಮಾಡುವುದು."

"ಅದಕ್ಕೆ ಕಾಲೇಜು ಯಾಕೆ? ಕೂತುಕೊಳ್ಳುವವರನ್ನು ನೋಡಿ ಕುರ್ಚಿ ಮಾಡುವ ಆಚಾರಿ ಕಾರ್ಕಳದಲ್ಲಿ ಇಲ್ವಾ?"

"ಇದ್ದಾರೆ. ನನ್ನ ಮಾವನೇ," ಎಂದು ನಕ್ಕಳು.

ನಕ್ಕದ್ದು ನನಗೆ ಹಿಡಿಸಿತು. ಒಳಗೆ ಬಾ ಎಂದೆ.

ವಿಷಯ ಇಷ್ಟು. ಮಕರ ಸಂಕ್ರಾಂತಿ ಕಳೆದು ಕಾಪುವಿನ ಒಂದು ಶಾಲೆಯ ಮೈದಾನದಲ್ಲಿ ಕಲಾ ಸಂತೆ ನಡೆಯುವುದಿತ್ತು. ಚಿತ್ರ ಬಿಡಿಸುವವರು, ಮಣ್ಣಿನ ಕೆಲಸದವರು, ಮರದ ಕೆಲಸದವರು ಎಲ್ಲ ತಾವೇ ಕೂತು ಮಾರುವುದು. ಅಂಥ ಸಂತೆಯನ್ನೇ ಕಾಣದ ನಮ್ಮಂಥವರು ತಯಾರಿ ಮಾಡುವಾಗ ಎಲ್ಲಿ ಎಡವುತ್ತೇವೆ ಎಂದು ನೋಡಿ, ನಮಗೆ ಉಪಯೋಗಕ್ಕೆ ಬರುವ ಏನಾದರೂ ಒಂದನ್ನು ಇವಳು ಮಾಡಿಕೊಡಬೇಕು. ಅದು ಇವಳ ಕೊನೆಯ ವರ್ಷದ ಕೆಲಸ.

ಮೊದಲ ದಿನ ಹುಡುಗಿ ಏನೂ ಕೇಳಲಿಲ್ಲ. ಚಾವಡಿಯಲ್ಲಿ ಕಂಬಕ್ಕೆ ಒರಗಿ ನಾನು ನೇಯುವುದನ್ನು ನೋಡುತ್ತಾ ಕೂತಳು. ನನಗೆ ಕಿರಿಕಿರಿ.

"ಕೇಳಬೇಕಾದ್ದು ಕೇಳು ಮಾರಾಯ್ತಿ. ಹೀಗೆ ನೋಡಿದರೆ ದೃಷ್ಟಿಯಾಗ್ತದೆ."

"ಕೇಳಿದರೆ ಜನ ಹೇಳುವುದು ಒಂದು, ಮಾಡುವುದು ಇನ್ನೊಂದು ಅಜ್ಜಿ. ಅದಕ್ಕೇ ನೋಡ್ತೇನೆ."

ಈ ಮಾತು ಸರಿ ಅನ್ನಿಸಿತು. ನನ್ನ ಗಂಡ ಬದುಕಿದ್ದಷ್ಟು ದಿನ ಹಾಗೆಯೇ ಇದ್ದರು.

ಮುಂದಿನ ಸಲ ಬರುವಾಗ ಹಿಂದೆ ಇನ್ನೊಬ್ಬಳನ್ನು ಕರೆದುಕೊಂಡು ಬಂದಳು. ಕಪ್ಪಗೆ, ಗಟ್ಟಿ ಮೈಯ ಹೆಂಗಸು, ತಲೆ ತುಂಬ ಸೆರಗು, ಬಗಲಲ್ಲಿ ಗಂಟು. ಇವಳೇ ಯಲ್ಲವ್ವ. ಗದಗದ ಕಡೆಯವಳು. ಗಂಡ ಮಣಿಪಾಲದಲ್ಲಿ ದೊಡ್ಡ ಕಟ್ಟಡದ ಕೆಲಸದಲ್ಲಿ, ಇವಳೂ ಅಲ್ಲೇ ಜಲ್ಲಿ ಹೊರುವುದು. ಇರುವುದು ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ. ಬಿಡುವಿನಲ್ಲಿ ಕೌದಿ ಹೊಲಿಯುತ್ತಾಳೆ. ಹಳೇ ಸೀರೆ, ಲುಂಗಿ, ರವಕೆಯ ತುಂಡುಗಳನ್ನು ಒಂದರ ಮೇಲೊಂದು ಹಾಕಿ, ದಪ್ಪ ನೂಲಿನಲ್ಲಿ ಸಾಲುಸಾಲಾಗಿ ಹೊಲಿದು ಮಾಡುವ ಹೊದಿಕೆ ಅದು.

"ಅಜ್ಜಿ, ಸಂತೆಯಲ್ಲಿ ನಿಮಗೂ ಇವರಿಗೂ ಸೇರಿ ಒಂದೇ ಸ್ಟಾಲ್," ಎಂದಳು ಅಪೇಕ್ಷಾ.

ನನಗೆ ಇಷ್ಟವಾಗಲಿಲ್ಲ. ನಮ್ಮ ಕಡೆ ಅವರನ್ನೆಲ್ಲ ಒಟ್ಟಾಗಿ ಘಟ್ಟದವರು ಎನ್ನುತ್ತೇವೆ. ಮನೆ ಕಟ್ಟಲಿಕ್ಕೆ ಬೇಕು, ಚರಂಡಿ ತೋಡಲಿಕ್ಕೆ ಬೇಕು, ಚಾವಡಿಯಲ್ಲಿ ಕೂರಿಸಿಕೊಳ್ಳುವುದು ಯಾರು? ನಾನೂ ಊರಿನವರಿಗಿಂತ ಬೇರೆ ಅಲ್ಲ. "ಬೇರೆ ಯಾರೂ ಸಿಗಲಿಲ್ವಾ?" ಎಂದು ಅವಳ ಎದುರೇ ಕೇಳಿದೆ. ಯಲ್ಲವ್ವ ಗಂಟು ಬಿಚ್ಚದೆ ಮೆಟ್ಟಿಲ ಮೇಲೆಯೇ ಕೂತಳು.

ಮಧ್ಯಾಹ್ನ ಶಶಿಕಲಾ ಗುಳ್ಳದ ಕೊದ್ದೆಲು, ಅಂದರೆ ಹುಳಿ, ಮಾಡಿ ಎಲ್ಲರಿಗೂ ಬಡಿಸಿದಳು. ಯಲ್ಲವ್ವ ಒಂದು ಹೋಳು ಎತ್ತಿ ತಿರುಗಿಸಿ ನೋಡಿದಳು.

"ಇದು ಬದ್ನಿಕಾಯಿ ಏನ್ರಿ, ಆಯಿ?"

"ಹೌದು. ಮಟ್ಟುಗುಳ್ಳ. ಹೆಸರು ಕೇಳಿಲ್ವಾ?"

"ಹಸರ ಚಂಡ ಇದ್ದಂಗ ಐತ್ರಿ. ಬದ್ನಿಕಾಯಿ ಅಂದ್ರ ನಮ್ಮ ಕಡೀದು. ಎಣ್ಣಿಗಾಯಿ ಮಾಡಿದ್ರ ರೊಟ್ಟಿ ತಾನಽ ಒಳಗ ಹೋಗ್ತೈತಿ."

ನನ್ನ ಊರಿನಲ್ಲಿ ಕೂತು, ನನ್ನ ಮನೆಯ ಅನ್ನ ಉಣ್ಣುತ್ತಾ ಗುಳ್ಳವನ್ನು ಚೆಂಡು ಎನ್ನುವ ಧೈರ್ಯ ಅದುವರೆಗೆ ಯಾರಿಗೂ ಇರಲಿಲ್ಲ. ಶಶಿಕಲಾ ಅಡುಗೆ ಮನೆಗೆ ಓಡಿಹೋಗಿ ನಕ್ಕಳು. ನಾನು ಇನ್ನೊಂದು ಸೌಟು ಬಡಿಸಿ, "ಮೊದಲು ತಿನ್ನು, ಆಮೇಲೆ ಮಾತಾಡು," ಎಂದೆ. ತಿಂದಳು. ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ಆದರೂ ಒಪ್ಪಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಬಂದಳು. ನಾನು ಚಾಪೆ, ಅವಳು ಕೌದಿ. ಹೆಚ್ಚು ಮಾತಿಲ್ಲ. ನನಗೆ ಮಾತಾಡುತ್ತಾ ಕೆಲಸ ಮಾಡುವವರನ್ನು ಕಂಡರೆ ಆಗುವುದಿಲ್ಲ. ಅವಳಿಗೂ ಹಾಗೆಯೇ ಎಂದು ಗೊತ್ತಾದ ಮೇಲೆ ನಮ್ಮಿಬ್ಬರದು ಸರಿಹೋಯಿತು.

ಒಂದು ದಿನ ನಾನೇ ಕೇಳಿದೆ, "ನಿನಗೆ ಈ ಸಂತೆ ಎಂತಕ್ಕೆ? ಜಲ್ಲಿ ಹೊತ್ತು ಸಾಕಾಗುವುದಿಲ್ವಾ?"

ಅವಳು ನೂಲು ಹಲ್ಲಿನಿಂದ ಕಡಿದಳು. "ಇಷ್ಟು ದಿನ ಒಬ್ಬ ಅಂಗಡಿಯವ್ರು ಒಯ್ತಿದ್ರಿ. ಒಯ್ದು ಎಲ್ಲಿ ಮಾರ್ತಾರೋ, ಯಾರು ಹೊದ್ಕೋತಾರೋ, ಒಂದೂ ಗೊತ್ತಿಲ್ರಿ. ಈ ಬ್ಯಾಸಿಗ್ಯಾಗ ನಮ್ಮ ಬಿಲ್ಡಿಂಗ್ ಮುಗೀತೈತಿ, ಮತ್ತೊಂದು ಊರಿಗೆ ಹೊಕ್ಕೇವಿ. ಅಷ್ಟರಾಗ ಒಮ್ಮೆ, ಒಮ್ಮೆ ಸಾಕ್ರಿ, ನನ್ನ ಕೌದಿ ಹೊದ್ದುಕೊಳ್ಳೋರ ಮಾರಿ ನೋಡಬೇಕ್ರಿ."

ಮಾರಿ ಎಂದರೆ ಅವರ ಕಡೆ ಮುಖ. ಮುಖ ನೋಡುವುದಕ್ಕಾಗಿ ಸಂತೆಗೆ ಹೋಗುವವರನ್ನು ನಾನು ಕಂಡದ್ದು ಅವಳೊಬ್ಬಳನ್ನೇ.

ಇತ್ತ ಅಪೇಕ್ಷಾ ಒಂದು ದಿನ ರಟ್ಟಿನ ಮೊಬೈಲು ಮಾಡಿಕೊಂಡು ಬಂದಳು. ಒಳಗೆ ಕಾಗದದಲ್ಲಿ ಬರೆದ ಚಿತ್ರಗಳು. ನಾವು ಬೆರಳಿಟ್ಟಲ್ಲಿ ಅವಳು ಕಾಗದ ಬದಲಿಸುವುದು.

"ಅಜ್ಜಿ, ಇದು ನಿಜವಾದ ಮೊಬೈಲ್ ಅಂತ ತಿಳ್ಕೊಳ್ಳಿ. ಸಂತೆಗೆ ಎಷ್ಟು ಚಾಪೆ ತಯಾರಾಯ್ತು ಅಂತ ಇದಕ್ಕೆ ಹೇಳಬೇಕು. ಎಲ್ಲಿ ಒತ್ತುತ್ತೀರಿ?"

"ಎಷ್ಟಾಯ್ತು ಅಂತ ನನಗೆ ಗೊತ್ತುಂಟಲ್ಲ. ಮೊಬೈಲಿಗೆ ಯಾಕೆ ಹೇಳಬೇಕು?"

"ಅದು ನಿಮಗೆ ನೆನಪು ಮಾಡ್ತದೆ."

"ಗೊತ್ತಿದ್ದದ್ದನ್ನು ನಾನು ಅದಕ್ಕೆ ಹೇಳುವುದು, ಅದು ತಿರುಗಿ ನನಗೆ ಹೇಳುವುದು. ನಮ್ಮ ಆಚೆಮನೆಯವಳ ಹಾಗಾಯ್ತು."

ಆದರೂ ಹುಡುಗಿಯ ಮುಖ ನೋಡಿ ಒಂದು ಕಡೆ ಬೆರಳು ಒತ್ತಿದೆ. ಅದು ತಪ್ಪು ಜಾಗವಂತೆ. ನಾನು ಕೈ ಹಿಂದೆ ತೆಗೆದೆ. ಆಗ ಅವಳು ಒಂದು ಮಾತು ಹೇಳಿದಳು. "ತಪ್ಪಾದರೆ ಅದು ನಿಮ್ಮ ತಪ್ಪಲ್ಲ ಅಜ್ಜಿ. ನಾನು ಮಾಡಿದ ವಸ್ತು ಸರಿ ಇಲ್ಲ ಅಂತ ಅರ್ಥ. ನಾವು ಪರೀಕ್ಷೆ ಮಾಡುವುದು ವಸ್ತುವನ್ನು, ನಿಮ್ಮನ್ನಲ್ಲ."

ನಾನು ಶಾಲೆಗೆ ಹೋದದ್ದು ಸ್ವಲ್ಪ ವರ್ಷ. ಅಷ್ಟರಲ್ಲೇ ತಪ್ಪು ಯಾರದ್ದೆಂದು ಬೆನ್ನಿಗೆ ಚೆನ್ನಾಗಿ ಗೊತ್ತಾಗಿತ್ತು. ಮದುವೆಯಾದ ಮೇಲೆ ಅತ್ತೆಯ ಮನೆಯಲ್ಲೂ ಹಾಗೆಯೇ. ಹಾಲು ಉಕ್ಕಿದರೆ ತಪ್ಪು ಒಲೆಯದ್ದು ಎಂದು ಯಾರೂ ಹೇಳಿದ್ದಿಲ್ಲ. ಈ ಹುಡುಗಿ ಹೇಳಿದ್ದನ್ನು ಗಂಟು ಹಾಕಿಟ್ಟುಕೊಂಡೆ.

ಮೊಬೈಲು ಅಲ್ಲಿಗೆ ಮುಗಿಯಿತು. ಯಲ್ಲವ್ವನಿಗೆ ಅದನ್ನು ತೋರಿಸಿದ್ದಕ್ಕೆ, "ಚಲೋ ಐತ್ರಿ, ಹುಡುಗ್ರು ಆಡ್ತಾವ," ಎಂದಳು. ಅಪೇಕ್ಷಾ ರಟ್ಟನ್ನು ನಮ್ಮ ನೀರೊಲೆಗೇ ಹಾಕಿದಳು.

ಆಮೇಲೆ ಬಂದದ್ದು ಬಿದಿರಿನ ಸ್ಟ್ಯಾಂಡು. ಚಾಪೆ, ಕೌದಿ ಎಲ್ಲ ನಿಲ್ಲಿಸಿ ನೇತು ಹಾಕಿದರೆ ದೂರದಿಂದಲೇ ಜನರಿಗೆ ಕಾಣುತ್ತದೆ ಎಂದು ಅವಳ ಲೆಕ್ಕ. ಉಮೇಶನ ರಿಕ್ಷಾದಲ್ಲಿ ತಂದರು. ಬಿದಿರು ಎರಡೂ ಕಡೆ ಹೊರಗೆ.

"ನನ್ನ ರಿಕ್ಷಾಕ್ಕೆ ಹುಟ್ಟು ಕಟ್ಟಿದ್ದೀರಾ ಹೇಗೆ? ಕಟಪಾಡಿಯಿಂದ ಇಲ್ಲಿವರೆಗೆ ಜನ ದೋಣಿ ಬಂತು ಅಂತ ದಾರಿ ಬಿಟ್ಟರು," ಎಂದ ಉಮೇಶ.

ಸಂತೆಗೆ ಮೊದಲು ಒಂದು ಸುಳ್ಳು ಸಂತೆ ಮಾಡಿ ನೋಡುವ ಎಂದು ಅಪೇಕ್ಷಾ ಹಟ ಹಿಡಿದಳು. ನಮ್ಮ ಅಂಗಳದಲ್ಲಿಯೇ. ನೆರೆಯ ಹೆಂಗಸರೆಲ್ಲ ಗಿರಾಕಿಗಳು. ಅವರಿಗೆ ಅದೊಂದು ಸಡಗರ. ಕೊಳ್ಳುವ ಕರ್ಮವಿಲ್ಲದೆ ಚೌಕಾಸಿ ಮಾಡುವುದೆಂದರೆ ಯಾರಿಗೆ ಬೇಡ? ಬಂದರು, ನಿಂತರು, ನೇತಾಡುವ ಚಾಪೆಯನ್ನು ಎರಡು ಬೆರಳಿನಿಂದ ಮುಟ್ಟಿದರು, "ಚಂದ ಉಂಟು" ಎಂದರು, ಹೋದರು. ಚಾಪೆ ಚಂದ ಇರುವುದು ಕಣ್ಣಿಗಲ್ಲ. ಕೂತವರಿಗೇ ಅದು ಗೊತ್ತಾಗುವುದು. ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಎದ್ದಿತು. ಸ್ಟ್ಯಾಂಡು ಚಾಪೆಯನ್ನೇ ಹಾಯಿ ಮಾಡಿಕೊಂಡು ಒಂದು ಸುತ್ತು ತಿರುಗಿ, ಶಶಿಕಲಾಳ ಗುಳ್ಳದ ಏರಿಯ ಮೇಲೆ ಬಿತ್ತು. ಶಶಿಕಲಾ ಅದರ ನಂತರ ಆಡಿದ ತುಳುವನ್ನು ಇಲ್ಲಿ ಬರೆಯಲು ಸಾಧ್ಯವಿಲ್ಲ.

ಅಪೇಕ್ಷಾ ಸ್ಟ್ಯಾಂಡಿನ ಕಡೆ ನೋಡುತ್ತಲೇ ಇರಲಿಲ್ಲ. ಯಲ್ಲವ್ವನನ್ನು ನೋಡುತ್ತಿದ್ದಳು. ಆಚೆಮನೆಯವಳು ಒಂದು ಕೌದಿಯನ್ನು ಎತ್ತಿ, "ಇಲ್ಲಿ ಹೊಲಿಗೆ ಬಿಟ್ಟಿದ್ದೀಯಲ್ಲ, ಹರಿದದ್ದಾ?" ಎಂದು ಕೇಳಿದ್ದಳು. ಯಲ್ಲವ್ವ ಆ ಮೂಲೆಯನ್ನು ಒಳಗೆ ಮಡಚಿ ಕೂತಿದ್ದಳು. ನಾನೂ ಆಗಲೇ ಸರಿಯಾಗಿ ನೋಡಿದ್ದು. ಎಲ್ಲ ಕೌದಿಗಳಿಗೂ ಒಂದು ಮೂಲೆಯಲ್ಲಿ ಅಂಗೈ ಅಗಲದ ಬಾಯಿ. ಚೀಲದ ಬಾಯಿಯ ಹಾಗೆ, ಹೊಲಿಯದೆ ಬಿಟ್ಟದ್ದು.

ಎಲ್ಲರೂ ಹೋದ ಮೇಲೆ ಅಪೇಕ್ಷಾ ಕೇಳಿದಳು. ಯಲ್ಲವ್ವ ಒಂದು ಕೌದಿಯನ್ನು ಮಡಿಲಿಗೆ ಎಳೆದು ಆ ಮೂಲೆ ಬಿಡಿಸಿದಳು.

"ಎಲ್ಲಾರೂ ಹಿಂಗ ಮಾಡ್ತಾರೋ ಇಲ್ಲೋ ನನಗ ಗೊತ್ತಿಲ್ರಿ. ನಮ್ಮ ಮನ್ಯಾಗ ನಮ್ಮವ್ವ, ಅವರವ್ವ ಹಿಂಗಽ ಮಾಡ್ಕೋತ ಬಂದಾರ. ಕೌದಿ ಉಪಾಸ ಇರಬಾರ್ದ್ರಿ. ಉಪಾಸ ಇದ್ದ ಕೌದಿ ಹೊದ್ರ ನಿದ್ದಿ ಬರಂಗಿಲ್ಲ. ಅದಕ್ಕ ನಾಕ್ ಕಾಳು ಜೋಳ ಹಾಕಿ ಬಾಯಿ ಮುಚ್ಚತೀವ್ರಿ. ಆದ್ರ ಯಾರು ಹೊದ್ಕೋತಾರ ಅಂತ ಹೆಸರು ಗೊತ್ತಿರಬೇಕು. ಹೆಸರು ಹೇಳಿನಽ ಉಣಸೂದು. ಗೊತ್ತಾಗೂತನಕ ಮುಚ್ಚಂಗಿಲ್ರಿ."

"ಅಂಗಡಿಯವರಿಗೆ ಕೊಡುವಾಗ?" ಎಂದಳು ಅಪೇಕ್ಷಾ.

"ಅವ್ರು ಮಿಷನ್ನಿಗೆ ಹಚ್ಚಿ ಮುಚ್ಚಿಸ್ತಾರ್ರಿ." ಅಷ್ಟೇ ಹೇಳಿ ಗಂಟು ಕಟ್ಟಿಕೊಂಡು ಎದ್ದಳು.

ಮುಂದಿನ ವಾರ ಸಂತೆಯ ಸಮಿತಿಯ ಒಬ್ಬರು ಮೇಡಂ ಎಲ್ಲರ ವಸ್ತು ನೋಡಿಕೊಂಡು ಹೋಗಲು ಬಂದರು. ಕೆಟ್ಟವರಲ್ಲ. ನನ್ನ ಚಾಪೆ ಮೂಸಿ ನೋಡಿ ತುಂಬ ಹೊಗಳಿದರು. ಕೌದಿಯ ಬಾಯಿ ಕಂಡದ್ದೇ ಮುಖ ಬದಲಾಯಿತು. ಅರ್ಧಂಬರ್ಧ ಕೆಲಸ ಸ್ಟಾಲಿನಲ್ಲಿ ಇಡುವ ಹಾಗಿಲ್ಲ, ಉಳಿದವರಿಗೂ ಅದೇ ನಿಯಮ, ಸಂತೆಯ ಮೊದಲು ಎಲ್ಲ ಹೊಲಿದು ಮುಗಿಸಿ, ಇಲ್ಲದಿದ್ದರೆ ತರಬೇಡಿ ಎಂದರು. ಅವರು ಹೋದ ಮೇಲೆ ಅಪೇಕ್ಷಾ ಯಲ್ಲವ್ವನ ಪಕ್ಕ ಕೂತು ಮೆಲ್ಲಗೆ ಹೇಳಿದಳು, "ಈ ಒಂದು ಸಲ ಮುಚ್ಚಿಬಿಡಿ ಅಕ್ಕ. ಜೋಳ ಈಗಲೇ ಹಾಕಿ. ಹೆಸರು ಆಮೇಲೆ ಮನಸ್ಸಿನಲ್ಲಿ ಹೇಳಿದರಾಯ್ತು."

"ಹೂಂ ರೀ," ಎಂದಳು ಯಲ್ಲವ್ವ.

ಅದರ ಮುಂದಿನ ಭಾನುವಾರ ಅವಳು ಬರಲಿಲ್ಲ. ಇನ್ನೊಂದು ಭಾನುವಾರವೂ ಇಲ್ಲ. ಅಪೇಕ್ಷಾ ಫೋನು ಮಾಡಿದರೆ ಗಂಡ ಎತ್ತಿ, ಕೆಲಸ ಭಾಳ ಐತ್ರಿ ಎಂದನಂತೆ. ಎದುರಿನ ಜಾಗ ಖಾಲಿ ಇದ್ದರೆ ನನಗೆ ಕೈ ಓಡುವುದಿಲ್ಲ ಎಂದು ಆಗ ಗೊತ್ತಾಯಿತು. ಒಂದು ಚಾಪೆಯ ಅಂಚು ಎರಡು ಸಲ ಬಿಚ್ಚಿದೆ. ಶಶಿಕಲಾ ಸುಮ್ಮನಿರಲಾರದೆ, "ಅತ್ತೆ, ನೀವು ಹೋಗಿ ಕರ್ಕೊಂಡು ಬನ್ನಿ. ಇಲ್ಲದಿದ್ದರೆ ನನ್ನ ಒಗ್ಗರಣೆಯಲ್ಲಿ ತಪ್ಪು ಹುಡುಕ್ತಾ ಕೂರ್ತೀರಿ," ಎಂದಳು.

ಹೋದೆ. ಕಟಪಾಡಿಯಿಂದ ಉಡುಪಿ, ಉಡುಪಿಯಿಂದ ಮಣಿಪಾಲ, ಎರಡು ಬಸ್ಸು. ಅಪೇಕ್ಷಾ ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದಳು. ಕಣ್ಣು ಸಣ್ಣದಾಗಿತ್ತು. ಅತ್ತಿರಬೇಕು. ನಾನು ಕೇಳಲಿಲ್ಲ.

"ನಾನು ಒಳ್ಳೆಯದಕ್ಕೇ ಹೇಳಿದ್ದು ಅಜ್ಜಿ. ಇಲ್ಲದಿದ್ದರೆ ಅವರಿಗೆ ಸ್ಟಾಲೇ ಸಿಗುವುದಿಲ್ಲ. ಯಾರಿಗೋಸ್ಕರ ಇದೆಲ್ಲ ಮಾಡ್ತಾ ಇದ್ದೇನೋ ಅವರೇ ಇಲ್ಲದಿದ್ದರೆ..."

"ನೀನು ನನಗೆ ಒಂದು ಮಾತು ಹೇಳಿದ್ದಿ, ನೆನಪುಂಟಾ? ಬಳಸುವವರು ತಪ್ಪಿದರೆ ತಪ್ಪು ಅವರದ್ದಲ್ಲ, ಮಾಡಿದ ವಸ್ತುವಿನದ್ದು ಅಂತ."

"ಹೌದು."

"ಹಾಗಾದರೆ ಕೌದಿ ಸರಿಯಾಗಿಯೇ ಉಂಟು. ಸರಿ ಇಲ್ಲದ್ದು ನಿಮ್ಮ ಸ್ಟಾಲು. ಅದನ್ನು ಸರಿ ಮಾಡು."

ಅವಳು ರಸ್ತೆಯಲ್ಲೇ ನಿಂತುಬಿಟ್ಟಳು. ಹಿಂದಿನಿಂದ ಸ್ಕೂಟರಿನವ ಹಾರ್ನ್ ಹೊಡೆದ. ನಾನು ಕೈ ಹಿಡಿದು ಬದಿಗೆ ಎಳೆದೆ.

ಶೆಡ್ಡಿನ ಎದುರು ಯಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. ಕೌದಿಗಳು ಒಳಗೆ ಹಗ್ಗದ ಮೇಲಿದ್ದವು. ಬಾಯಿ ಹಾಗೆಯೇ ತೆರೆದಿತ್ತು. ನಮ್ಮನ್ನು ಕಂಡು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಬರೂದಿಲ್ರಿ ಆಯಿ. ಮುಚ್ಚಲಾಕ ಕೂತೆ. ಸೂಜಿ ಹಿಡದ್ರ ಕೈ ಏಳವಲ್ದು. ಯಾರ ಹೆಸರು ಹೇಳ್ಲಿ?"

"ಮುಚ್ಚಬೇಡ. ಹಾಗೇ ತೆಗೆದುಕೊಂಡು ಬಾ. ಉಳಿದದ್ದು ಈ ಹುಡುಗಿಯ ತಲೆನೋವು."

ಅಪೇಕ್ಷಾ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು ಕೇಳಿದಳು, "ಅಕ್ಕ, ಮನೆಯಲ್ಲಿ ಉಣಿಸುವಾಗ ಹೇಗೆ? ಯಾರು ಎಲ್ಲಿ ಕೂರುತ್ತಾರೆ? ಒಂದು ಸಲ ತೋರಿಸಿ." ಯಲ್ಲವ್ವ ಕೈ ತೊಳೆದು ಬಂದು ತೋರಿಸಿದಳು. ಹೊದ್ದುಕೊಳ್ಳುವವರು ಎದುರು ಕೂರಬೇಕು, ನೆಲದ ಮೇಲೆ. ಕೌದಿ ಇಬ್ಬರ ಮಡಿಲಿನ ಮೇಲೂ ಬರಬೇಕು. ಹೆಸರು ಹೇಳಿ, ಜೋಳ ಹಾಕಿ, ಹೊಲಿಗೆ. ಅಷ್ಟು ಹೊತ್ತು ಎದುರಿನವರು ಏಳುವ ಹಾಗಿಲ್ಲ.

"ಕೂರಬೇಕು," ಎಂದು ಅಪೇಕ್ಷಾ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಜ್ಜಿ, ನಿಮ್ಮ ಚಾಪೆಯ ಮೇಲೆ."

ಕಾರ್ಕಳದಲ್ಲಿ ಅಪೇಕ್ಷಾಳ ಆಚಾರಿ ಮಾವನ ಮರಗೆಲಸದ ಕೊಟ್ಟಿಗೆಯಲ್ಲಿ ಅದು ತಯಾರಾಯಿತು. ಮೊಣಕಾಲು ಎತ್ತರದ ಹಲಗೆಯ ಜಗಲಿ. ತುಂಡುತುಂಡಾಗಿ ಬಿಚ್ಚಿ ಕಟ್ಟಬಹುದು, ರಿಕ್ಷಾದ ಹಿಂದಿನ ಸೀಟಿನಲ್ಲಿ ಹಿಡಿಸುತ್ತದೆ. ಉಮೇಶನನ್ನೇ ಕಾರ್ಕಳಕ್ಕೆ ಕರೆಸಿ, ಹಾಕಿ ತೆಗೆದು ನೋಡಿದ ಮೇಲೆಯೇ ಆಚಾರಿ ಕೊನೆಯ ಮೊಳೆ ಹೊಡೆದದ್ದು. ನನಗೆ ಒರಗಲು ಹಿಂದೆ ಒಂದು ಹಲಗೆ. ಮುಂದೆ ಚಪ್ಪಲಿ ಬಿಡುವ ಮೆಟ್ಟಿಲು. ಯಲ್ಲವ್ವನ ಬಲಗೈಯ ಹತ್ತಿರ ಜೋಳಕ್ಕೆ ಒಂದು ಸಣ್ಣ ಗುಳಿ. ಮೇಜಿಲ್ಲ, ಸ್ಟ್ಯಾಂಡಿಲ್ಲ. ಸಮಿತಿಯ ಮೇಡಂ ಹತ್ತಿರ ಅಪೇಕ್ಷಾ ಮೂರು ಸಲ ಹೋಗಿ ಬಂದಳು. ಕೊನೆಗೆ ಅವರು, ಗಿರಾಕಿಯ ಎದುರು ಮಾಡಿ ತೋರಿಸುವುದಾದರೆ ಪ್ರಾತ್ಯಕ್ಷಿಕೆ ಎಂದು ಬರೆದುಕೊಳ್ಳಬಹುದು ಎಂದರಂತೆ. ಏನು ಬೇಕಾದರೂ ಬರೆದುಕೊಳ್ಳಲಿ.

ಸಂತೆಯ ಬೆಳಿಗ್ಗೆ ಇಬ್ಬನಿ ಇತ್ತು, ಮೈದಾನದ ಹುಲ್ಲು ಒದ್ದೆ. ಮೇಜು ಇಟ್ಟವರೆಲ್ಲ ಎತ್ತರದಲ್ಲಿ, ನಾವಿಬ್ಬರು ಕೆಳಗೆ. ಮೊದಲು ಯಾರೂ ಹತ್ತಲಿಲ್ಲ. ಜನರಿಗೆ ಚಪ್ಪಲಿ ಬಿಡುವುದೆಂದರೆ ದೇವಸ್ಥಾನ, ಇಲ್ಲದಿದ್ದರೆ ಊಟ. ನಾನೇ ಒಬ್ಬರನ್ನು ಕರೆದೆ. ಬ್ಯಾಂಕಿನಲ್ಲಿದ್ದು ನಿವೃತ್ತಿಯಾದವರಂತೆ, ಕಾಲುನೋವು ಎಂದು ಮುಖವೇ ಹೇಳುತ್ತಿತ್ತು.

"ಕೊಳ್ಳುವುದು ಬೇಡ ಮಾರಾಯ್ರೆ, ಸ್ವಲ್ಪ ಕೂತ್ಕೊಳ್ಳಿ," ಎಂದೆ.

ಕೂತರು. ಚಾಪೆಯ ಮೇಲೆ ಅಂಗೈ ಆಡಿಸಿದರು. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಚಾಪೆ ತನ್ನ ಮಾತು ತಾನೇ ಆಡುತ್ತದೆ. ಆಮೇಲೆ ಅವರ ಕಣ್ಣು ಕೌದಿಯ ಮೇಲೆ ಹೋಯಿತು. ಯಲ್ಲವ್ವ ಕೇಳಿದಳು, ಬೆವರುತ್ತಾ, "ಯಾರಿಗ್ರಿ?"

"ನನ್ನ ಹೆಂಡತಿಗೆ. ಅವಳಿಗೆ ಫ್ಯಾನೂ ಬೇಕು, ಹೊದಿಕೆಯೂ ಬೇಕು."

"ಹೆಸರ್ರಿ?"

"ಸರೋಜಾ."

"ಸರೋಜವ್ವಾರ, ಉಣ್ರಿ," ಎಂದು ಕೌದಿಯ ಬಾಯಿಗೆ ಜೋಳ ಹಾಕಿ ಹೊಲಿಯಲು ಶುರು ಮಾಡಿದಳು. ಅವರು ಸುಮ್ಮನೆ ಕೂತರು. ಬ್ಯಾಂಕಿನಲ್ಲಿ ಅಷ್ಟು ಸುಮ್ಮನೆ ಕೂತಿದ್ದರೋ ಇಲ್ಲವೋ. ಮುಗಿದ ಮೇಲೆ ಯಲ್ಲವ್ವ ತಲೆಯೆತ್ತಿ ಅವರ ಮುಖವನ್ನು ಒಮ್ಮೆ ಪೂರ್ತಿ ನೋಡಿದಳು.

ಆಮೇಲೆ ಜನ ಬರುವುದು ನಿಲ್ಲಲಿಲ್ಲ. ಕೂತವರನ್ನು ಕಂಡು ಕೂರುವವರು. ಡಾಕ್ಟರಿ ಓದುವ ಒಬ್ಬಳು ಹುಡುಗಿ "ನನಗೇ" ಎಂದು ನಾಚಿಕೊಂಡು ತನ್ನ ಹೆಸರು ತಾನೇ ಹೇಳಿದಳು. ಒಬ್ಬಳು ಹೆಂಗಸು ಯಾರಿಗೆ ಎಂದರೆ ಹೇಳಲೊಲ್ಲಳು. ಕೊನೆಗೆ, "ನಾದಿನಿಗೆ. ನಮಗೆ ಮಾತಿಲ್ಲ. ಆದರೂ ಅವಳಿಗೇ," ಎಂದಳು. ಯಲ್ಲವ್ವ ಆ ಕೌದಿಗೆ ಎರಡು ಕಾಳು ಹೆಚ್ಚು ಹಾಕಿದಳು. ಅಪೇಕ್ಷಾ ದೂರದಲ್ಲಿ ಒಂದು ಕಂಬಕ್ಕೆ ಒರಗಿ ನೋಡುತ್ತಿದ್ದಳು. ಬರೆದುಕೊಳ್ಳುವುದನ್ನು ಮರೆತಿದ್ದಳು.

ಸಂಜೆಗೆ ಉಳಿದದ್ದು ಒಂದೇ. ಇಳಕಲ್ ಸೆರಗಿನದು. ಅದು ಯಲ್ಲವ್ವನ ಮದುವೆಯ ಸೀರೆ. ಕಡಲ ಬದಿಯಲ್ಲಿ ಹೋಂಸ್ಟೇ ನಡೆಸುವ ಒಬ್ಬರು ಬಂದು ಅದನ್ನೇ ಎತ್ತಿಕೊಂಡರು.

"ಯಾರಿಗ್ರಿ?"

"ಗೆಸ್ಟ್‌ಗಳಿಗೆ."

"ಹೆಸರ್ರಿ?"

"ಹೆಸರು ಎಂತದ್ದು? ಇವತ್ತು ಒಬ್ಬರು, ನಾಳೆ ಇನ್ನೊಬ್ಬರು."

ಯಲ್ಲವ್ವ ಸೂಜಿ ಕೆಳಗಿಟ್ಟಳು. ಸಮಿತಿಯ ಮೇಡಂ ಅಲ್ಲಿಯೇ ನಿಂತಿದ್ದರು. "ಕೊಡಿ, ಕೊಡಿ, ಏನಾದರೂ ಒಂದು ಹೆಸರು ಹೇಳಿ ಮುಗಿಸಿ," ಎಂದರು. ಆ ಮನುಷ್ಯನೂ ನಕ್ಕು, "ಬೇಕಾದರೆ ನನ್ನ ಹೆಸರೇ ಹಾಕಿ," ಎಂದ. ನನಗೂ ಕೊಟ್ಟುಬಿಡು ಎನ್ನುವ ಮಾತು ಬಾಯಿಯ ತನಕ ಬಂದಿತ್ತು. ಅಪೇಕ್ಷಾ ಕಂಬ ಬಿಟ್ಟು ಹತ್ತಿರ ಬಂದಳು. ಈ ಸಲ ಹೇಳಬಾರದು ಎಂದು ಅವಳಿಗೆ ಗೊತ್ತಿತ್ತು.

ಯಲ್ಲವ್ವ ಸೂಜಿಯನ್ನು ಮತ್ತೆ ಎತ್ತಿಕೊಂಡಳು. ಬಾಯಿಯ ಅಂಚಿಗೆ ಸೂಜಿ ಚುಚ್ಚಿ, ನೂಲು ಸುತ್ತಿದಳು. ಬಟ್ಟೆಯ ಚೂರಿನಲ್ಲಿ ಜೋಳ ಗಂಟು ಕಟ್ಟಿ ಅದರ ಪಕ್ಕದಲ್ಲಿ ಬಿಗಿದಳು. ಕೌದಿಯನ್ನು ಎರಡೂ ಕೈಯಲ್ಲಿ ಕೊಟ್ಟಳು.

"ಒಯ್ರಿ. ಇದಽ ಹೊದಿಕಿ ನಂದು ಅನ್ನೋರು ಯಾರರ ಬಂದಾಗ, ಹೆಸರು ಕೇಳಿ ನೀವಽ ಉಣಿಸಿ ಮುಚ್ರಿ. ಅಲ್ಲೀತನಕ ತೆರದಽ ಇರ್ಲಿ."

ಬೇಸಿಗೆಯಲ್ಲಿ ಅವಳ ಕಟ್ಟಡ ಮುಗಿಯಿತು. ಹೋಗುವ ಮೊದಲು ಮಟ್ಟುವಿಗೆ ಬಂದು ಒಂದು ಚೀಲ ಗುಳ್ಳ ಹೊತ್ತುಕೊಂಡು ಹೋದಳು. ಎಣ್ಣೆಗಾಯಿ ಮಾಡಿ ನೋಡುತ್ತಾಳಂತೆ. ಆಮೇಲೆ ಫೋನು ಮಾಡಿ, "ಚೆಂಡು ಚಲೋ ಇತ್ರಿ," ಎಂದಳು. ಈಗ ಬೆಳಗಾವಿಯ ಕಡೆ ಇದ್ದಾಳೆ. ಅಪೇಕ್ಷಾಳ ಜಗಲಿ ನಮ್ಮ ಚಾವಡಿಯಲ್ಲಿ ಉಂಟು. ಅವಳಿಗೆ ಒಳ್ಳೆಯ ಮಾರ್ಕು ಬಂತಂತೆ. ನಾನು ಮಧ್ಯಾಹ್ನ ಅದರ ಮೇಲೆ ಮಲಗುತ್ತೇನೆ, ಅದಕ್ಕೆ ಎಷ್ಟು ಮಾರ್ಕು ಎಂದು ಗೊತ್ತಿಲ್ಲ.

ಮೊನ್ನೆ ಆ ಹಿಂದಿನ ಕೋಣೆಯಲ್ಲಿ ಕೌದಿ ಬಿಡಿಸಿದೆ. ಬಾಯಿ ತೆರೆದೇ ಇತ್ತು. ಸೂಜಿ ತುಕ್ಕು ಹಿಡಿದಿತ್ತು, ಜೋಳದ ಗಂಟು ಹುಳ ತಿಂದು ಹುಡಿಯಾಗಿತ್ತು. ಅಷ್ಟರಲ್ಲಿ ನೆಲ ಒರೆಸುವ ಬಕೆಟ್ ಹಿಡಿದು ಒಬ್ಬಳು ಹುಡುಗಿ ಬಂದಳು. ಒಡಿಶಾದವಳು. ಅಲ್ಲಿ ಕೆಲಸಕ್ಕಿದ್ದಾಳೆ.

"ಇದು ಯಾರ ಹೊದಿಕೆ?" ಎಂದೆ.

"ನಂದು," ಎಂದಳು. ಹೇಳಿ ಹೆದರಿದಳು. ನಾನು ಕಿತ್ತುಕೊಳ್ಳುತ್ತೇನೆ ಎಂದೇನೋ. "ಗೆಸ್ಟಿಗೆ ಬೇಡ ಅಂತ ಸಾರ್ ಕೊಟ್ಟದ್ದು."

"ಕೂತ್ಕೋ ಇಲ್ಲಿ. ಹೆಸರೆಂತ?"

"ಸುನಿತಾ."

ಅಡುಗೆ ಮನೆಯಿಂದ ಕುಚ್ಚಲಕ್ಕಿ ತರಿಸಿದೆ. ಹೊಸ ಸೂಜಿ ಅವಳ ಹತ್ತಿರವೇ ಇತ್ತು. ಕೌದಿಯನ್ನು ಇಬ್ಬರ ಮಡಿಲಿನ ಮೇಲೆ ಹಾಕಿ, ಹೆಸರು ಹೇಳಿ, ಅಕ್ಕಿ ಹಾಕಿ ಮುಚ್ಚಿದೆ. ನನ್ನದು ಚಾಪೆಯ ಕೈ, ಹೊಲಿಗೆ ಸೊಟ್ಟ ಹೋಯಿತು. ಹುಡುಗಿ ಮಿಸುಕದೆ ಕೂತಿದ್ದಳು.

ಹೊರಗೆ ಬಂದು ಯಲ್ಲವ್ವನಿಗೆ ಫೋನು ಮಾಡಿದೆ. ಆಚೆ ಕಡೆ ಕಾಂಕ್ರೀಟಿನ ಮಿಷನ್ನಿನ ಸದ್ದು. ಎಲ್ಲ ಹೇಳಿದೆ. ಹುಡುಗಿಯ ಹೆಸರನ್ನು ಅವಳೂ ಒಮ್ಮೆ ಹೇಳಿ ನೋಡಿದಳು.

"ಮಾರಿ ಹೆಂಗೈತ್ರಿ ಆಯಿ?"

"ದುಂಡಗೆ ಉಂಟು. ಹಣೆಯಲ್ಲಿ ಒಂದು ಹಳೇ ಗಾಯ."

"ಜೋಳ ಇತ್ತೇನ್ರಿ?"

"ಇಲ್ಲ. ಹುಳ ತಿಂದಿತ್ತು. ಕುಚ್ಚಲಕ್ಕಿ ಹಾಕಿದೆ."

"ಆತು ಬಿಡ್ರಿ," ಎಂದಳು. "ನಿಮ್ಮ ಊರಾಗ ಇರೂ ಕೌದಿ. ನಿಮ್ಮ ಊರಿನ ಕೂಳಽ ಉಣ್ಲಿ."